ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮನೆ ಕೊಂಡಾಗ: ಆನ್‌ಲೈನ್ ವಕೀಲರೋ, ಹತ್ತಿರದ ವಕೀಲರೋ?

ನಾವು ಹೇಳಿದ ಬೆಲೆಗೆ ಮಾಲೀಕರು ಒಪ್ಪಿದ್ದಾರೆ ಅಂತ ಏಜೆಂಟ್ ಫೋನ್ ಮಾಡಿದರು. ಹಿಂದೆಯೇ ಇನ್ನೊಂದು ಪ್ರಶ್ನೆ. ನಿಮ್ಮ ಸಾಲಿಸಿಟರ್, ಅಂದರೆ ವಕೀಲರು ಯಾರು? ಯಾರೂ ಇರಲಿಲ್ಲ. ಹಾಗಾದರೆ ನಾವೇ ಒಬ್ಬರನ್ನು ಹೇಳುತ್ತೇವೆ, ಎಲ್ಲ ಆನ್‌ಲೈನ್‌ನಲ್ಲೇ ಆಗುತ್ತದೆ, ಫೀ 650 ಪೌಂಡ್ ಅಂದರು. ನಾನು ಅಲ್ಲೇ ಹೂಂ ಅಂದುಬಿಟ್ಟೆ. ಹೀಗೆ ಗಿರಾಕಿ ಕಳಿಸಿದ್ದಕ್ಕೆ ಎಷ್ಟೋ ಏಜೆಂಟರಿಗೆ ಕಮಿಷನ್ ಸಿಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಅವರು ಹೇಳಿದವರನ್ನೇ ಇಟ್ಟುಕೊಳ್ಳಬೇಕು ಅಂತೇನೂ ಇಲ್ಲ.

ಊರಲ್ಲಾದರೆ ನಮಗೆ ದಾರಿ ಗೊತ್ತು. ಗುರುತಿನ ವಕೀಲರಿಗೆ ಇಸಿ, ಖಾತೆ, ಹಳೆಯ ಪತ್ರ ತೋರಿಸುತ್ತೇವೆ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬರುತ್ತೇವೆ. ಇಂಗ್ಲೆಂಡಿನಲ್ಲಿ ಕೊಳ್ಳುವವರು ಯಾವ ಆಫೀಸಿಗೂ ಹೋಗುವುದಿಲ್ಲ. ಎರಡೂ ಕಡೆಯ ವಕೀಲರೇ ಪತ್ರ ನೋಡಿ, ಕೌನ್ಸಿಲ್‌ನಿಂದ ಹಿಡಿದು ನೀರು, ಚರಂಡಿಯವರೆಗೆ ಎಲ್ಲ ವಿಚಾರಿಸಿ, ಹಣ ದಾಟಿಸಿ, ಕೊನೆಗೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಮ್ಮ ಹೆಸರು ಏರಿಸುತ್ತಾರೆ. ಸಾಲಿಸಿಟರ್ ಮಾಡಬಹುದು, ಇದೇ ಕೆಲಸಕ್ಕೆ ಲೈಸೆನ್ಸ್ ಇರುವ ಕನ್ವೇಯನ್ಸರ್ ಮಾಡಬಹುದು. ಒಪ್ಪಂದದ ಪ್ರತಿಗಳು ಅದಲುಬದಲಾಗುವ ತನಕ ಕೊಳ್ಳುವವರು, ಮಾರುವವರು ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು. ಅಂದರೆ ವಕೀಲರು ತಡ ಮಾಡಿದಷ್ಟೂ ಮನೆ ಕೈತಪ್ಪುವ ಭಯ ಇದ್ದೇ ಇರುತ್ತದೆ.

ನಮ್ಮದು ಸಿಕ್ಕಿಕೊಂಡಿದ್ದು ಹಣದ ಮೂಲದಲ್ಲಿ. ಹಾಸನದ ಹತ್ತಿರ ಇದ್ದ ಒಂದು ಸೈಟ್ ಮಾರಿ ಅಪ್ಪ ನಮಗೆ ದುಡ್ಡು ಕಳಿಸಿದ್ದರು. ಬ್ಯಾಂಕಿನ ಮೂಲಕವೇ, ಎಲ್‌ಆರ್‌ಎಸ್ ಲೆಕ್ಕದಲ್ಲಿ, ಅಂದರೆ ಭಾರತದಲ್ಲಿರುವವರು ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ವ್ಯವಸ್ಥೆಯಲ್ಲಿ. ಅದರಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ಕಪ್ಪುಹಣ ತಡೆಯುವ ಕಾನೂನಿನ ಪ್ರಕಾರ ಇಲ್ಲಿನ ವಕೀಲರು ದುಡ್ಡು ಎಲ್ಲಿಂದ ಬಂತು ಅಂತ ಕೇಳಲೇಬೇಕು, ಅದರಲ್ಲಿ ತಪ್ಪಿಲ್ಲ. ನಾನು ಅಪ್ಪನ ಪಾಸ್‌ಬುಕ್, ಅಪ್ಪ ಬರೆದುಕೊಟ್ಟ ಉಡುಗೊರೆ ಪತ್ರ, ಸೈಟಿನ ಕ್ರಯಪತ್ರ ಎಲ್ಲ ಅಪ್‌ಲೋಡ್ ಮಾಡಿದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು, ಕ್ರಯಪತ್ರ ಓದಲು ಆಗುತ್ತಿಲ್ಲ, ಸ್ಪಷ್ಟವಾದ ಪ್ರತಿ ಕಳಿಸಿ ಅಂತ. ಇನ್ನೂ ಚೆನ್ನಾಗಿ ಸ್ಕ್ಯಾನ್ ಮಾಡಿ ಕಳಿಸಿದೆ. ಮತ್ತೆ ಅದೇ ಉತ್ತರ, ಈ ಸಲ ಬೇರೆಯವರ ಹೆಸರಲ್ಲಿ. ಮೂರನೇ ಸಲವೂ ಹಾಗೇ ಆದಾಗ ಹೊಳೆಯಿತು. ಅಕ್ಷರ ಮಸುಕಾಗಿರಲಿಲ್ಲ, ಪತ್ರ ಕನ್ನಡದಲ್ಲಿತ್ತು, ಅಷ್ಟೇ! ಭಾಷಾಂತರ ಬೇಕು ಅಂತ ಒಂದು ಸಾಲು ಬರೆದಿದ್ದರೆ ಮೂರು ವಾರ ಉಳಿಯುತ್ತಿತ್ತು. ಫೋನ್ ಮಾಡಿದರೆ ಪ್ರತಿ ಸಲ ಮೊದಲಿನಿಂದ ಕತೆ ಹೇಳಬೇಕು. ಜೊತೆಗೆ ಉಡುಗೊರೆ ಹಣ ಪರಿಶೀಲಿಸುವುದಕ್ಕೆ ಇಷ್ಟು, ಸಾಲದ ಕೆಲಸಕ್ಕೆ ಇಷ್ಟು, ತೆರಿಗೆ ಫಾರ್ಮ್ ತುಂಬುವುದಕ್ಕೆ ಇಷ್ಟು ಅಂತ ಸೇರುತ್ತಾ ಹೋಗಿ, ವ್ಯಾಟ್ ಬಿಟ್ಟೇ 650 ಇದ್ದದ್ದು 1,100 ದಾಟಿತ್ತು.

ಮನೆಗೆ ಹತ್ತು ನಿಮಿಷದ ದಾರಿಯಲ್ಲಿ, ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ಹಿರಿಯ ಸಾಲಿಸಿಟರ್ ಇದ್ದರು. ಆನ್‌ಲೈನ್‌ನವರನ್ನು ಬಿಟ್ಟು ಅವರ ಹತ್ತಿರ ಹೋದೆ. ಅವರ ಫೀ 1,350. ಕ್ರಯಪತ್ರವನ್ನು ಮೇಜಿನ ಮೇಲೆ ಹರಡಿಕೊಂಡು ಹಾಳೆ ತಿರುವುತ್ತಾ ಹೋದರು, ಫೋಟೊ ಮತ್ತು ಹೆಬ್ಬೆಟ್ಟಿನ ಗುರುತು ಇದ್ದ ಪುಟದಲ್ಲಿ ನಿಂತರು. ಫೋಟೊದ ಮೇಲೆ ಬೆರಳಿಟ್ಟು, "ಇವರು ನಿಮ್ಮ ತಂದೆನಾ?" ಅಂದರು. ಹೌದು ಅಂದೆ. ಆಮೇಲೆ ಮಾರಾಟದ ಮೊತ್ತ ಎಲ್ಲಿದೆ ತೋರಿಸಿ ಅಂದರು, ತೋರಿಸಿದೆ, ಅದನ್ನು ಪಾಸ್‌ಬುಕ್ಕಿನ ಸಾಲಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡರು. ದೃಢೀಕರಿಸಿದ ಭಾಷಾಂತರ ಒಂದು ತನ್ನಿ, ಸಾಕು ಅಂದರು. ಎದ್ದು ಬರುವಾಗ ಕಣ್ಣು ತುಂಬಿ ಬಂತು.

ಅವರು ಇನ್ನೊಂದು ಪ್ರಶ್ನೆ ಕೇಳಿದರು. ಇದನ್ನು ಇಲ್ಲಿರುವ ನಮ್ಮವರೆಲ್ಲ ಗಮನಿಸಬೇಕು. "ಭಾರತದಲ್ಲಿ ನಿಮ್ಮ ಅಥವಾ ನಿಮ್ಮ ಹೆಂಡತಿಯ ಹೆಸರಲ್ಲಿ ಮನೆ ಇದೆಯಾ? ಪಾಲಾದರೂ ಇದೆಯಾ?" ನಮಗೆ ಇಲ್ಲ, ಹಾಸನದ ಮನೆ ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ್ದು, ಅವರ ಹೆಸರಲ್ಲೇ ಇದೆ. ಇಲ್ಲಿ ಮನೆ ಕೊಳ್ಳುವಾಗ ಕಟ್ಟುವ ತೆರಿಗೆಯಲ್ಲಿ (ಸ್ಟ್ಯಾಂಪ್ ಡ್ಯೂಟಿ) ಮೊದಲ ಮನೆಯ ರಿಯಾಯಿತಿ ಸಿಗುವುದು ಪ್ರಪಂಚದಲ್ಲಿ ಎಲ್ಲೂ ಇದುವರೆಗೆ ಮನೆ ಹೊಂದಿಲ್ಲದವರಿಗೆ ಮಾತ್ರ, ಬೆಂಗಳೂರಿನ ಫ್ಲ್ಯಾಟ್ ಕೂಡ ಲೆಕ್ಕಕ್ಕೆ ಬರುತ್ತದೆ. ನಮ್ಮ ಮನೆ 3,85,000 ಪೌಂಡ್. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ ನಮಗೆ ಬಂದ ತೆರಿಗೆ 4,250. ಬೆಂಗಳೂರಿನಲ್ಲಿ ಒಳ್ಳೆ ಬೆಲೆಯ ಫ್ಲ್ಯಾಟ್ ಇಟ್ಟುಕೊಂಡು ಇದೇ ಮನೆಯನ್ನು ಎರಡನೆಯದಾಗಿ ಕೊಂಡಿದ್ದರೆ, ಶೇಕಡಾ 5ರ ಹೆಚ್ಚುವರಿ ಸೇರಿ 28,500! ಆನ್‌ಲೈನ್‌ನವರ ಫಾರ್ಮಿನಲ್ಲಿ 'ಮೊದಲ ಮನೆಯೇ?' ಅಂತ ಒಂದು ಚೌಕ ಇತ್ತು, ನಾನು ಸುಮ್ನೆ ಟಿಕ್ ಹಾಕಿದ್ದೆ. ಎಷ್ಟು ಜನ ಹಾಗೇ ಹಾಕಿರಬಹುದು, ಅಲ್ವಾ?

ವಕೀಲರಿಗೆ ಈ ಊರು ಗೊತ್ತಿದ್ದರೆ ಏನಾಗುತ್ತದೆ ಅನ್ನುವುದೂ ಅಲ್ಲೇ ಕಂಡಿತು. ನಮ್ಮದು ಹಳೆಯ ಇಟ್ಟಿಗೆಯ ಸಾಲುಮನೆ. ವಿಳಾಸ ನೋಡಿದ್ದೇ ಅವರು ಫೀಲ್ಡ್ ರೋಡಿನ ವಿಷಯ ತೆಗೆದರು. ರೆಡಿಂಗ್‌ನಲ್ಲಿ ಹಿಂದೆ ಸುಣ್ಣದ ಗಣಿಗಳಿದ್ದವು, 2000ರಲ್ಲಿ ಅಲ್ಲಿ ನೆಲ ಕುಸಿದು ಜನರನ್ನು ಮನೆಗಳಿಂದ ಹೊರಗೆ ಕಳಿಸಬೇಕಾಯಿತು. ಪರಿಸರ ವರದಿ ಬಂದಾಗ ನೆಲದ ಸ್ಥಿರತೆಯ ಪುಟವನ್ನು ಮನೆಯ ಸ್ಥಿತಿ ಪರೀಕ್ಷಿಸುವ ಸರ್ವೇಯರ್‌ಗೂ ತೋರಿಸಿ ಅಂದರು. ತೋರಿಸಿದೆವು, ನಮ್ಮ ಬೀದಿಗೆ ತೊಂದರೆ ಇರಲಿಲ್ಲ.

ಆನ್‌ಲೈನ್ ಬೇಡವೇ ಬೇಡ ಅನ್ನುತ್ತಿಲ್ಲ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಸಂಬಳದಲ್ಲಿ ಉಳಿಸಿದ ಹಣದಿಂದಲೇ, ಲೀಸ್ ಇಲ್ಲದ (ಅಂದರೆ ನೆಲವೂ ಸೇರಿ ಪೂರ್ತಿ ಸ್ವಂತವಾಗುವ) ಸರಳ ಮನೆ ಕೊಂಡರು, ಹತ್ತು ವಾರದಲ್ಲಿ ಎಲ್ಲ ಮುಗಿಯಿತು. ಮಾರಾಟ ಮುರಿದರೆ ಫೀ ಇಲ್ಲ ಅನ್ನುವ ಅನುಕೂಲವೂ ಅವರಿಗಿತ್ತು. ಆದರೆ ದುಡ್ಡು ಊರಿಂದ ಬಂದಿದ್ದರೆ, ಮನೆ ಹಳೆಯದಾಗಿದ್ದರೆ, ಲೀಸ್ ಇದ್ದರೆ, ಮುಖ ನೋಡಿ ಮಾತಾಡಬಹುದಾದ ಒಬ್ಬರನ್ನು ಹಿಡಿಯಿರಿ. ಯಾರನ್ನೇ ಹಿಡಿದರೂ ನನ್ನ ಫೈಲ್ ಕೊನೆಯ ತನಕ ಯಾರ ಕೈಯಲ್ಲಿರುತ್ತದೆ, ಸಾಲ ಕೊಡುವ ನನ್ನ ಬ್ಯಾಂಕು ಒಪ್ಪುವ ವಕೀಲರ ಪಟ್ಟಿಯಲ್ಲಿ ನೀವಿದ್ದೀರಾ, ವ್ಯಾಟ್ ಸೇರಿ ಒಟ್ಟು ಎಷ್ಟು ಅಂತ ಮೊದಲೇ ಕೇಳಿ. ಮನೆ ಯಾರ ಹೆಸರಲ್ಲಿದೆ ಅಂತ ತೋರಿಸುವ ಟೈಟಲ್ ರಿಜಿಸ್ಟರ್ 7 ಪೌಂಡಿಗೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಯಾರಿಗಾದರೂ ಸಿಗುತ್ತದೆ, ಅದನ್ನು ನೀವೇ ತೆಗೆದು ಓದಿ.

ಡೆಪಾಸಿಟ್ ಶೇಕಡಾ 10, ಅಂದರೆ 38,500 ಪೌಂಡ್. ವಕೀಲರ ಇಮೇಲ್‌ನಂತೆಯೇ ಕಾಣುವ ಮೇಲ್ ಕಳಿಸಿ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಅಂತ ಹಣ ಲಪಟಾಯಿಸುವ ಮೋಸ ಇಲ್ಲಿ ನಡೆಯುತ್ತಲೇ ಇದೆ. ಶುಕ್ರವಾರ ಮನೆಗಳು ಕೈ ಬದಲಾಗುವುದು ಜಾಸ್ತಿ, ಮೋಸಗಾರರು ಕಾಯುವುದೂ ಅವತ್ತೇ. ಹಾಗಾಗಿ ನಾನು ಆಫೀಸಿಗೇ ಹೋದೆ. ಅವರು ಖಾತೆ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದರು, ನಾನು ಫೋನಿನಲ್ಲಿ ಒತ್ತಿದೆ. ಮೊದಲು ಒಂದು ಪೌಂಡ್ ಕಳಿಸಿದೆ. ಒಳಗಿನ ಕೋಣೆಗೆ ಹೋಗಿ ನೋಡಿ ಬಂದು, ಬಂದಿದೆ ಅಂದರು. ಆಮೇಲೆ ಅಲ್ಲೇ ಕುರ್ಚಿಯಲ್ಲಿ ಕೂತು ಉಳಿದ 38,499 ಕಳಿಸಿದೆ.