ವೇಷದೊಳಗೆ ಅರ್ಧ ಗಂಟೆ

ಥೀಮ್ ಪಾರ್ಕಿನಲ್ಲಿ ದೊಡ್ಡ ತಲೆಯ ಕರಡಿಯೊಂದು ಮಕ್ಕಳನ್ನು ತಬ್ಬಿಕೊಳ್ಳುವಾಗ ಅದು ಒಬ್ಬರ ಕೆಲಸವೆಂದು ಕಾಣುತ್ತದೆ. ಆದರೆ ಅಲ್ಲಿ ಇಬ್ಬರು ದುಡಿಯುತ್ತಿರುತ್ತಾರೆ. ವೇಷದೊಳಗೆ ಒಬ್ಬರು, ಎರಡು ಹೆಜ್ಜೆ ಆಚೆ ಸಮವಸ್ತ್ರದಲ್ಲಿ ಅಟೆಂಡೆಂಟ್. ಒಳಗಿನವರು ಮಾತಾಡುವಂತಿಲ್ಲ, ಅವರಿಗೆ ಕಾಣುವುದೂ ಅರೆಬರೆ. ಆ ಎರಡು ಕೊರತೆಯನ್ನೂ ತುಂಬಬೇಕಾದವರು ಹೊರಗಿನವರು.

ವೇಷ ತೊಡುವಾಗ ಮೊದಲು ಬೆವರು ಹೀರುವ ತೆಳು ಒಳಉಡುಪು, ತಲೆಗೆ ಬಿಗಿಯಾದ ಬಟ್ಟೆಯ ಟೋಪಿ. ಮೇಲೆ ಹೊಟ್ಟೆ ದಪ್ಪ ಕಾಣಿಸುವ ಫೋಮ್ ಪ್ಯಾಡು, ತುಪ್ಪಳದ ಉಡುಗೆ, ಬೂಟು, ಕೈಗವಸು. ತಲೆ ಕೊನೆಗೆ. ತಲೆಯೊಳಗಿನ ಹೆಲ್ಮೆಟ್ ಪಟ್ಟಿಯನ್ನು ಬಿಗಿ ಮಾಡದೆ ಹೊರಟರೆ ನಾಲ್ಕು ಹೆಜ್ಜೆಗೇ ತಲೆ ಓಲಾಡಿ, ನೋಡುವ ಜಾಲರಿ ಕಣ್ಣಿನ ನೇರ ತಪ್ಪುತ್ತದೆ. ಎಷ್ಟೋ ವೇಷಗಳಲ್ಲಿ ನೋಡಬೇಕಾದದ್ದು ಪಾತ್ರದ ಕಣ್ಣಿನಿಂದಲ್ಲ, ಬಾಯಿಯ ಜಾಲರಿಯಿಂದ. ಆಗ ಒಂದು ತೊಡಕಿದೆ: ಪಾತ್ರದ ಕಣ್ಣು ಮಗುವಿನ ಮುಖಕ್ಕೆ ನೆಟ್ಟಂತೆ ತಲೆ ಬಗ್ಗಿಸಿದರೆ, ಒಳಗಿನವರಿಗೆ ಕಾಣುವುದು ಮಗುವಿನ ಎದೆಯೋ ಕಾಲೋ. ಮುಖ ಕಾಣಲೆಂದು ತಲೆ ಎತ್ತಿದರೆ ಪಾತ್ರ ಮಗುವಿನ ನೆತ್ತಿಯ ಮೇಲೆ ಎಲ್ಲೋ ನೋಡುತ್ತಿರುತ್ತದೆ. ಸರಿಯಾದ ಕೋನ ಕನ್ನಡಿಯ ಮುಂದೆ ನಿಂತು ನಿಂತೇ ಕತ್ತಿಗೆ ರೂಢಿಯಾಗಬೇಕು.

ಪಕ್ಕ, ಹಿಂದೆ, ಕಾಲಬುಡ ಯಾವುದೂ ಕಾಣದು. ಆದ್ದರಿಂದ ಹಿಂದಕ್ಕೆ ಹೆಜ್ಜೆ ಇಡುವಂತಿಲ್ಲ. ತಿರುಗುವಾಗ ಪುಟ್ಟ ಪುಟ್ಟ ಹೆಜ್ಜೆ, ಕೈ ಮೈಗೆ ಹತ್ತಿರ. ಮೊಣಕಾಲೆತ್ತರದ ಮಗು ಓಡಿಬಂದು ಕಾಲಿಗೆ ಜೋತುಬೀಳುವುದು ಸದಾ ಹಿಂದಿನಿಂದಲೇ, ಅದನ್ನು ಕೂಗಿ ಹೇಳಬೇಕಾದವರು ಅಟೆಂಡೆಂಟ್. 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಪಾತ್ರಗಳ ವೇಷಗಳನ್ನು ಐಸ್ ಕೇಪೇಡ್ಸ್ ಎಂಬ ಸ್ಕೇಟಿಂಗ್ ಪ್ರದರ್ಶನದಿಂದ ಎರವಲು ತಂದಿದ್ದರು. ಅವು ದೂರ ಕೂತ ಪ್ರೇಕ್ಷಕರಿಗಾಗಿ ಮಾಡಿದ್ದವು. ಪಾರ್ಕಿನಲ್ಲಿ ಹಾಗಲ್ಲ, ಪ್ರೇಕ್ಷಕರು ಬಂದು ಮೂಗು ಹಿಡಿಯುತ್ತಾರೆ.

ಇಡೀ ಕೆಲಸದಲ್ಲಿ ಕಷ್ಟದ್ದು, ನನ್ನ ಮಟ್ಟಿಗೆ ಮುಖ್ಯವಾದದ್ದೂ, ಹೆದರಿದ ಮಗುವನ್ನು ಎದುರುಗೊಳ್ಳುವುದು. ಎರಡು ಮೂರು ವರ್ಷದವರಿಗೆ ಆ ಗಾತ್ರದ ತಲೆ ಭಯ ಹುಟ್ಟಿಸುವುದು ಸಹಜ. ಪಾತ್ರ ಮಗುವಿನತ್ತ ನಡೆದುಹೋಗಬಾರದು. ದೂರದಲ್ಲೇ ನಿಂತು, ಓರೆಯಾಗಿ ತಿರುಗಿ, ಮಂಡಿಯೂರಿ ಕೂತು ತಾನೇ ನಾಚಿದಂತೆ ಮುಖ ಮುಚ್ಚಿಕೊಂಡರೆ ಭಯ ಅರ್ಧ ಇಳಿಯುತ್ತದೆ. ಮಗುವಿನ ಕೈಯಲ್ಲಿರುವ ಗೊಂಬೆಗೆ ಕೈಬೀಸಿ, ಗಮನ ಗೊಂಬೆಯ ಮೇಲಿಡಿ. ಇಷ್ಟಾದ ಮೇಲೆ ಬರುವುದು ಬಿಡುವುದು ಮಗುವಿನ ಇಷ್ಟ. ಫೋಟೋಕ್ಕಾಗಿ ಅಪ್ಪ ಅಮ್ಮ ಮಗುವನ್ನು ಮುಂದೆ ತಳ್ಳತೊಡಗಿದರೆ ಅಟೆಂಡೆಂಟ್ ಮಾತಾಡಬೇಕು: "ಅಲ್ಲಿಂದಲೇ ಟಾಟಾ ಮಾಡ್ಲಿ ಸರ್, ಇಬ್ರೂ ಒಟ್ಟಿಗೆ ಫೋಟೋದಲ್ಲಿ ಬರ್ತಾರೆ." ಅಳುವ ಮಗುವನ್ನು ಬಲವಂತವಾಗಿ ತೊಡೆಯ ಮೇಲೆ ಕೂರಿಸಿ ತೆಗೆದ ಫೋಟೋಗಿಂತ ಇದೇ ಮೇಲು.

ಧೈರ್ಯದ ಮಗು ಬಂದು ತಬ್ಬಿದರೆ, ಅದು ಬಿಡುವವರೆಗೂ ಪಾತ್ರ ಬಿಡಬಾರದು. ಮಗುವನ್ನು ಎತ್ತಿಕೊಳ್ಳುವುದಂತೂ ಬೇಡವೇ ಬೇಡ. ಕೈಗವಸು ಜಾರುತ್ತದೆ, ಕಾಲ ಕೆಳಗಿನದು ಕಾಣುವುದಿಲ್ಲ. ಫೋಟೋದಲ್ಲಿ ಎರಡೂ ಕೈ ಎಲ್ಲರಿಗೂ ಕಾಣುವಂತಿರಬೇಕು, ಇದು ಅತಿಥಿಗೂ ಉದ್ಯೋಗಿಗೂ ರಕ್ಷಣೆ. ಆಟೋಗ್ರಾಫಿಗೆ ದಪ್ಪ ಮಾರ್ಕರ್ ಬೇಕು. ಮುಚ್ಚಳ ತೆಗೆದು, ಪುಟ ಬಿಡಿಸಿ ಕೈಗಿಡುವುದು ಅಟೆಂಡೆಂಟ್ ಪಾಲು. ಒಳಗೆ ಯಾರೇ ಇರಲಿ, ಒಂದು ಪಾತ್ರಕ್ಕೆ ಒಂದೇ ಸಹಿ, ಒಂದೇ ನಡಿಗೆ.

ಮಾತಿಲ್ಲದ ಪಾತ್ರ ಒಂದು ಸಲಕ್ಕೆ ಒಂದೇ ಸನ್ನೆ ಮಾಡಬೇಕು, ಅದನ್ನೂ ನಿಧಾನವಾಗಿ. ಕತ್ತು ಮಾತ್ರ ಆಡಿಸಿದರೆ "ಹೌದು" ಎಂಬುದು ಹೊರಗೆ ತಿಳಿಯುವುದೇ ಇಲ್ಲ, ಸೊಂಟದಿಂದ ಬಾಗಬೇಕು. ಹೊಸಬರು ಗಾಬರಿಯಲ್ಲಿ ಕೈಕಾಲು ಬಡಬಡ ಆಡಿಸುತ್ತಾರೆ, ನೋಡುವವರಿಗೆ ಏನೂ ಅರ್ಥವಾಗುವುದಿಲ್ಲ.

ಇನ್ನು ಸೆಕೆ. ಬೆವರು ಆರಿದರೆ ತಾನೇ ಮೈ ತಣಿಯುವುದು? ತುಪ್ಪಳದೊಳಗೆ ಅದು ಆರುವುದಿಲ್ಲ. ಅದಕ್ಕೇ ಒಂದು ಸೆಟ್, ಅಂದರೆ ವೇಷ ತೊಟ್ಟು ಒಂದು ಸಲ ಜನರ ನಡುವೆ ಇರುವ ಹೊತ್ತು, ಸಾಮಾನ್ಯವಾಗಿ 20ರಿಂದ 30 ನಿಮಿಷ, ಬಿಸಿಲಲ್ಲಿ ಇನ್ನೂ ಕಡಿಮೆ. ಬಿಸಿಯಲ್ಲಿ ದುಡಿಯುವವರಿಗೆ 15-20 ನಿಮಿಷಕ್ಕೊಮ್ಮೆ ಸುಮಾರು 240 ಮಿಲಿಲೀಟರ್ ನೀರು ಬೇಕೆನ್ನುತ್ತಾರೆ. ವೇಷದೊಳಗೆ ಕುಡಿಯಲಾಗದ್ದರಿಂದ ಸೆಟ್ಟಿನ ಮುಂಚೆ, ಆಮೇಲೆ ಕುಡಿಯಲೇಬೇಕು. ಸೆಕೆಗೆ ಹೊಸಬರಾದವರಿಗೆ ಮೊದಲ ದಿನ ಪೂರ್ಣ ಹೊತ್ತಿನ 20%ರಷ್ಟು ಮಾತ್ರ ಕೆಲಸ ಕೊಟ್ಟು, ದಿನಕ್ಕೆ 20%ಕ್ಕಿಂತ ಹೆಚ್ಚು ಏರಿಸದಿರುವುದು ಕ್ಷೇಮ. ಐಸ್ ಪ್ಯಾಕ್ ಇಟ್ಟ ವೆಸ್ಟ್ ಒಳ್ಳೆಯದೇ, ಆದರೆ ಐಸ್ ಕರಗಿದ ಮೇಲೆ ಅದು ಇನ್ನೊಂದು ಭಾರವಷ್ಟೇ.

ತಲೆಸುತ್ತು, ವಾಕರಿಕೆ, ತಲೆನೋವು ಶುರುವಾದರೆ ತಡಮಾಡದೆ ಮೊದಲೇ ಗೊತ್ತುಮಾಡಿಕೊಂಡ ಕೈಸನ್ನೆ. "ಕರಡಿಯಣ್ಣನಿಗೆ ಜೇನು ತಿನ್ನೋ ಹೊತ್ತಾಯ್ತು" ಎಂದು ಅಟೆಂಡೆಂಟ್ ಕರೆದೊಯ್ಯುತ್ತಾರೆ. ಜನರೆದುರು ತಲೆ ತೆಗೆಯಬಾರದು ನಿಜ, ಆದರೆ ಒಳಗಿನವರು ತಡವರಿಸಿದರೆ, ಕುಸಿದರೆ, ಅಲ್ಲೇ ತೆಗೆಯಬೇಕು. ಮಕ್ಕಳಿಗೆ ಬೇಸರವಾದೀತೆಂದು ಆಗ ಯೋಚಿಸುವುದು ತಪ್ಪು.

ಅತಿಥಿಗಳಿಗೂ ಒಂದು ಕೋರಿಕೆ: ತಲೆಗೆ ಗುದ್ದಬೇಡಿ. ಹೊರಗೆ ಮೆತ್ತಗೆ ಕಂಡರೂ ಪೆಟ್ಟು ನೇರ ಕತ್ತಿಗೆ ಬೀಳುತ್ತದೆ. ಬಾಲ ಎಳೆದರೆ ಆಯ ತಪ್ಪುತ್ತದೆ. ಅಸಭ್ಯವಾಗಿ ಮುಟ್ಟಿದರೆ ಸೆಟ್ ಅಲ್ಲಿಗೇ ಮುಗಿಯಬೇಕು, ಸರದಿಯಲ್ಲಿ ಎಷ್ಟೇ ಜನರಿರಲಿ.

ಒಳಗೆ ಬಂದ ಮೇಲೆ ಒಳಉಡುಪು ಒಗೆಯಲು, ತಲೆ ಫ್ಯಾನಿನ ಮುಂದೆ. ಒದ್ದೆ ಫೋಮ್ ಹಾಗೇ ಬಿಟ್ಟರೆ ವಾಸನೆ, ಬೂಷ್ಟು. ನೀರು ಕುಡಿಯುತ್ತಲೇ ಇಬ್ಬರೂ ಕೂತು ಮಾತಾಡಿಕೊಳ್ಳಬೇಕು: ನೆಲ ಎಲ್ಲಿ ಜಾರಿತು, ಯಾವ ಸನ್ನೆ ತಡವಾಗಿ ತಿಳಿಯಿತು, ಸರದಿಯನ್ನು ಎಷ್ಟು ಜನಕ್ಕೆ ನಿಲ್ಲಿಸಬೇಕಿತ್ತು. ಮುಂದಿನ ಸೆಟ್ಟಿನ ಜೋಡಿಗೂ ಅದನ್ನು ದಾಟಿಸಬೇಕು.