ಹತ್ತೇ ಜನ ಇದ್ದೀವಿ, ನಮ್ಮ ಮಾತು ಯಾರು ಕೇಳ್ತಾರೆ?

"ಕಾಡಿನ ದಾರಿಗೆ ಸೈಕಲ್ ಬಿಡಲ್ಲ ಅಂತ ಬೋರ್ಡ್ ಹಾಕಿದ್ದಾರೆ. ನಾವು ಹತ್ತೇ ಜನ. ಸಹಿ ಸಂಗ್ರಹ ಮಾಡೋಣವಾ?" ಮೌಂಟನ್ ಬೈಕ್ ಓಡಿಸುವ ಗೆಳೆಯರು ನನ್ನನ್ನು ಪದೇಪದೇ ಕೇಳುವುದು ಇದನ್ನೇ.

ಮೊದಲು ಗುದ್ದಲಿ ಹಿಡಿಯಿರಿ, ಮನವಿ ಆಮೇಲೆ ಕೊಡೋಣ ಅನ್ನುತ್ತೇನೆ ನಾನು. ಏನೂ ಬೇಡದ ದಿನಗಳಲ್ಲಿ ಮುಖ ತೋರಿಸಿದವರ ಮಾತಿಗೆ, ಬೇಕಾದ ದಿನ ಬೆಲೆ ಇರುತ್ತದೆ.

ಟ್ರೇಲ್, ಅಂದರೆ ಕಾಡಿನ ಕಾಲುದಾರಿ, ಹಾಳಾಗಲು ದೊಡ್ಡ ಕಾರಣ ನೀರು. ಮಳೆನೀರು ದಾರಿಯುದ್ದಕ್ಕೂ ಹರಿದು ಕೊರಕಲು ಬೀಳುತ್ತದೆ. ಅದರಲ್ಲಿ ಟೈರ್ ಗುರುತು ಕಂಡರೆ ಮುಗೀತು, ತಪ್ಪೆಲ್ಲ ನಮ್ಮದೇ. ಹಾಗಾಗಿ ದಾರಿಯನ್ನು ಇಳಿಜಾರಿನ ಕಡೆಗೆ ಸ್ವಲ್ಪ ವಾಲಿಸಬೇಕು, ಅಲ್ಲಲ್ಲಿ ತಗ್ಗು ಕೊಟ್ಟು ನೀರನ್ನು ಹೊರಗೆ ಬಿಡಬೇಕು. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಕಡಿಮೆ ಇರಬೇಕು ಅನ್ನುವುದು ಟ್ರೇಲ್ ಕಟ್ಟುವವರ ಲೆಕ್ಕ. ನಾವು ಅನುಮತಿ ಪಡೆದು ಒಂದು ತಿರುವನ್ನು ಹೀಗೆ ಸರಿಮಾಡಿದ್ದೆವು. ಜೋರು ಮಳೆ ಬಂದ ಮಾರನೇ ದಿನ ಅಧಿಕಾರಿಯೊಬ್ಬರು ನೋಡಲು ಬಂದರು. ಕೆಂಪು ನೀರು ದಾರಿ ದಾಟಿ ತರಗೆಲೆಗಳ ಮೇಲೆ ಇಳಿಯುತ್ತಿತ್ತು. ಕೆಳಗಿನ ಮಣ್ಣನ್ನು ಅವರು ಹಿಮ್ಮಡಿಯಿಂದ ಒತ್ತಿ ನೋಡಿದರು. ಗಟ್ಟಿ ಇತ್ತು. ಏನೂ ಹೇಳದೆ ಹೋದರು. ತಿಂಗಳಾದ ಮೇಲೆ ಫೋನ್ ಮಾಡಿ, ಇನ್ನೊಂದು ಕಡೆಯೂ ಹೀಗೇ ಮಾಡಿಕೊಡ್ತೀರಾ ಅಂತ ಕೇಳಿದರು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಜಾಗ ಯಾರದ್ದು, ಫೈಲು ಯಾರ ಮೇಜಿನ ಮೇಲಿದೆ ಅನ್ನುವುದನ್ನು ಮೊದಲೇ ತಿಳಿದುಕೊಳ್ಳಿ. ಸೈಕಲ್ ವಿಷಯ ಇಲ್ಲದ ದಿನವೂ ಸ್ಥಳೀಯ ಸಭೆಗೆ ಹೋಗಿ ಕೂತುಕೊಳ್ಳಿ. ಮಾತಾಡಲು ಸಿಗುವುದು ಎರಡು ಮೂರು ನಿಮಿಷ. ಹತ್ತು ಜನ ಹತ್ತು ಸಲ ಅದನ್ನೇ ಹೇಳಬೇಡಿ.

ಅದೇ ದಾರಿಯಲ್ಲಿ ನಡೆದು ಓಡಾಡುವ ನಡಿಗೆಯವರೊಬ್ಬರು ನಿಮ್ಮ ಪರವಾಗಿ ಮಾತಾಡಿದರೆ ಅದರ ತೂಕವೇ ಬೇರೆ. ಅವರ ದೂರು ಸುಳ್ಳಲ್ಲ ಅಲ್ವಾ? ಸದ್ದಿಲ್ಲದೆ ಹಿಂದಿನಿಂದ ಬರುವ ಸೈಕಲ್ ನಿಜಕ್ಕೂ ಬೆಚ್ಚಿಬೀಳಿಸುತ್ತದೆ. ಬೆಲ್ ಹಾಕಿಸಿ. ಕುದುರೆ ಎದುರಾದರೆ ನಿಂತು, ಕಾಲು ಕೆಳಗಿಟ್ಟು, ಕೇಳಿಸುವಂತೆ ಶಾಂತವಾಗಿ ನಮಸ್ಕಾರ ಹೇಳಿ. ದನಿ ಕೇಳಿದರೆ ಬಂದದ್ದು ಮನುಷ್ಯ ಅಂತ ಕುದುರೆಗೆ ಗೊತ್ತಾಗುತ್ತದೆ.

ಜೊತೆಗೂಡಿದ್ದರಿಂದ ಏನಾಯಿತು ಅಂತ ನೋಡಿ. 1984ರಲ್ಲಿ ಅಮೆರಿಕದ ಅರಣ್ಯ ಸೇವೆ ವೈಲ್ಡರ್‌ನೆಸ್ ಪ್ರದೇಶಗಳಲ್ಲಿ, ಅಂದರೆ ಕಾನೂನು ಕಾಪಾಡುವ ಕಾಡು ಜಾಗಗಳಲ್ಲಿ, ಸೈಕಲ್ ನಿಷೇಧಿಸಿತು. 1988ರಲ್ಲಿ ಕ್ಯಾಲಿಫೋರ್ನಿಯಾದ ಐದು ಕ್ಲಬ್‌ಗಳು ಸೇರಿ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಕಟ್ಟಿದವು. ಆ ನಿಷೇಧ ಇವತ್ತಿಗೂ ಇದೆ. ಆದರೆ ಉಳಿದ ಕಡೆ ದಾರಿ ಮುಚ್ಚುವ ಮಾತು ಬಂದಾಗ ಎದುರು ಕೂತು ಮಾತಾಡುವವರು ಇದ್ದಾರೆ. ಸ್ಕಾಟ್‌ಲೆಂಡ್‌ನಲ್ಲಿ 2003ರ ಭೂಸುಧಾರಣಾ ಕಾಯ್ದೆ ನಡೆಯುವವರಿಗೂ ಸೈಕಲ್‌ನವರಿಗೂ ಒಟ್ಟಿಗೇ ಹಕ್ಕು ಕೊಟ್ಟಿತು, ಜವಾಬ್ದಾರಿಯಿಂದ ಓಡಾಡಬೇಕು ಅನ್ನುವ ಷರತ್ತಿನ ಮೇಲೆ.

ಕೇಳುವಾಗ ಚಿಕ್ಕದನ್ನು ಕೇಳಿ. ಒಂದೇ ದಾರಿ, ಆರು ತಿಂಗಳ ಪ್ರಯೋಗ ಸಾಕು. ಅಮೆರಿಕದ ಟಾಹೋ ಸರೋವರದ ಸುತ್ತ ಹೋಗುವ ಟಾಹೋ ರಿಮ್ ಟ್ರೇಲ್‌ನ ಒಂದು ಭಾಗದಲ್ಲಿ ಸಮಸಂಖ್ಯೆಯ ತಾರೀಖಿನಂದು ಮಾತ್ರ ಸೈಕಲ್ ಬಿಡುತ್ತಾರೆ. ಪೂರ್ತಿ ಬಾಗಿಲು ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಅನುಮತಿ ಇಲ್ಲದೆ ಕದ್ದು ಹೊಸ ಟ್ರೇಲ್ ಕಡಿಯುವವರು ನಿಮ್ಮಲ್ಲೇ ಇದ್ದರೆ ಇವತ್ತೇ ತಡೆಯಿರಿ. ಅಂಥ ಒಂದು ದಾರಿ ಸಾಕು, ವರ್ಷಗಟ್ಟಲೆ ಗಳಿಸಿದ ನಂಬಿಕೆ ಮಣ್ಣುಪಾಲು.

ಸಹಿ ಸಂಗ್ರಹ ಬೇಡ ಅಂತಲ್ಲ. ಇಷ್ಟೆಲ್ಲ ಆದ ಮೇಲೆ ಮಾಡಿ, ಮೊದಲ ಸಹಿಯನ್ನು ನಡಿಗೆಯವರಿಂದ ಹಾಕಿಸಿ.