ಕಹಿಗೆ ಜಾಗ ಬಿಡುವ ಸಿಹಿ

ನನ್ನ ನೆನಪಿನಲ್ಲಿ ಉಳಿದಿರುವ ಹೋಟೆಲ್ ಊಟಗಳಲ್ಲಿ ಹೆಚ್ಚಿನವು ಯಾವುದೋ ಒಂದು ರುಚಿಯನ್ನು ಮುಚ್ಚುಮರೆಯಿಲ್ಲದೆ ಮುಂದಿಟ್ಟಂಥವು. ಚಿಕ್ಕಮಗಳೂರಿನ ಟೌನ್ ಕ್ಯಾಂಟೀನಿನಲ್ಲಿ ಕಾವಲಿಯಿಂದ ಇಳಿದ ಕೂಡಲೇ ತಿಂದ ಮಸಾಲೆ ದೋಸೆಯಲ್ಲಿ ಬೆಣ್ಣೆಯದೇ ಯಜಮಾನಿಕೆ. ಮೂಡಿಗೆರೆ ಕಡೆಯ ಸಣ್ಣ ಹೋಟೆಲೊಂದರಲ್ಲಿ ಮಳೆಗಾಲದಲ್ಲಿ ಬಡಿಸಿದ ಕಳಲೆ ಪಲ್ಯದಲ್ಲಿ ಎಳೆ ಬಿದಿರಿನ ವಾಸನೆಯನ್ನು ಮಸಾಲೆ ನುಂಗಿಹಾಕಿರಲಿಲ್ಲ. ಇದೇ ಗುಣ ಅತ್ಯಂತ ನಯವಾದ ರೂಪದಲ್ಲಿ ನನಗೆ ಸಿಕ್ಕಿದ್ದು, ಕೆಲಸದ ನಿಮಿತ್ತ ಟೋಕಿಯೊದಲ್ಲಿ ನೆಲೆಸಿದ್ದ ಕಾಲದಲ್ಲಿ, ಅಲ್ಲಿನವರು ಫ್ರೆಂಚ್ ಪದ್ಧತಿಯಲ್ಲಿ ಮಾಡುವ ಕೇಕುಗಳಲ್ಲಿ.

ಹೊರಗಿನಿಂದ ಬಂದ ಬೇಕರಿ ವಿದ್ಯೆಯನ್ನು ಒಲಿಸಿಕೊಳ್ಳುವುದು ನಮ್ಮ ಸೀಮೆಯವರಿಗೆ ಹೊಸದೇನಲ್ಲ. ಹಾಸನ ಕಡೆಯ ತಿರುಮಲಾಚಾರ್ಯರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು, ಆ ಜಿಲ್ಲೆಯ ಹಳ್ಳಿಗಳಿಂದ ಹೊರಟ ಅಯ್ಯಂಗಾರ್ ಕುಟುಂಬಗಳು ಮುಂದೆ ಮೊಟ್ಟೆಯಿಲ್ಲದ ಕೇಕು, ಖಾರಾ ಬನ್ನು, ಹನಿ ಕೇಕುಗಳನ್ನು ಊರೂರಿಗೂ ಒಯ್ದವು. ಜಪಾನಿನಲ್ಲಿ ಇದಕ್ಕಿಂತ ಉದ್ದದ ಕಥೆಯಿದೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ನಾಗಸಾಕಿಗೆ ತಂದ ಸ್ಪಂಜು ಕೇಕು ಅಲ್ಲಿ ಕಸ್ತೆಲಾ ಆಗಿ ನೆಲೆಯೂರಿತು. 1910ರಲ್ಲಿ ಯೊಕೊಹಾಮಾದಲ್ಲಿ ಆರಂಭವಾದ ಫುಜಿಯಾ ಅಂಗಡಿ 1922ರಲ್ಲಿ ಸ್ಟ್ರಾಬೆರಿ ಶಾರ್ಟ್‌ಕೇಕನ್ನು ಮಾರಾಟಕ್ಕಿಟ್ಟಿತು. ಪಶ್ಚಿಮದ ಶಾರ್ಟ್‌ಕೇಕು ಬಿಸ್ಕತ್ತಿನಂತೆ ಪುಡಿಯಾಗುವಂಥದ್ದು. ಜಪಾನೀಯರದು ಮೆತ್ತನೆಯ ಸ್ಪಂಜಿನ ನಡುವೆ ಹಾಲಿನ ಕೆನೆ ಮತ್ತು ಹುಳಿ ಸಿಹಿಯ ಹಣ್ಣು, ಅಷ್ಟೆ. ಇಂದಿಗೂ ಅಲ್ಲಿ ಕ್ರಿಸ್‌ಮಸ್ ಎಂದರೆ ಮನೆಮನೆಯಲ್ಲಿ ಈ ಕೇಕು.

ಮಾಂಟ್ ಬ್ಲಾಂಕ್ ಇನ್ನೂ ಸ್ವಾರಸ್ಯದ್ದು. ಫ್ರಾನ್ಸಿನಲ್ಲಿ ಇದು ಚೆಸ್ಟ್‌ನಟ್ ಎಂಬ, ಬೇಯಿಸಿ ತಿನ್ನುವ ಕಾಯಿಯ ಕಂದು ಹಿಟ್ಟನ್ನು ಶ್ಯಾವಿಗೆಯ ಹಾಗೆ ಎಳೆಎಳೆಯಾಗಿ ಒತ್ತಿ, ಮೆರಿಂಗ್ (ಮೊಟ್ಟೆಯ ಬಿಳಿ ಮತ್ತು ಸಕ್ಕರೆಯನ್ನು ನೊರೆಯೆಬ್ಬಿಸಿ ಬೇಯಿಸಿದ್ದು) ಮತ್ತು ಕೆನೆಯ ಮೇಲೆ ಪೇರಿಸುವ ಸಿಹಿ. ಟೋಕಿಯೊದ ಜಿಯುಗಾವೊಕಾ ಬಡಾವಣೆಯಲ್ಲಿ 1933ರಲ್ಲಿ ಇದೇ ಹೆಸರಿನಲ್ಲಿ ತೆರೆದ ಅಂಗಡಿಯವರು ಮೆರಿಂಗ್ ಬದಲು ಕಸ್ತೆಲಾವನ್ನು ಅಡಿಗಿಟ್ಟು, ಪಾಕದಲ್ಲಿ ಬೇಯಿಸಿದ ತಮ್ಮ ನಾಡಿನ ಹಳದಿ ಚೆಸ್ಟ್‌ನಟ್ಟನ್ನು ಬಳಸಿದರು. ಹೀಗಾಗಿ ಜಪಾನಿನ ಹಳೆಯ ಬೇಕರಿಗಳ ಮಾಂಟ್ ಬ್ಲಾಂಕ್ ಹಳದಿ ಬಣ್ಣದ್ದು. ಮೂಲಕ್ಕೆ ನಿಷ್ಠವಲ್ಲ ಎಂದು ಇದನ್ನು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೈಗೆ ಸಿಗುವ ಹಣ್ಣನ್ನು ನಂಬಿ ಮಾಡಿದ ಅಡುಗೆಯೇ ಆ ಊರಿನಲ್ಲಿ ಬಾಳುವುದು.

ಕೇಕು ತಯಾರಕ ಸದಹಾರು ಆವೊಕಿ ನಡೆದದ್ದು ಎದುರು ದಿಕ್ಕಿನಲ್ಲಿ. ಟೋಕಿಯೊದಲ್ಲಿ ಹುಟ್ಟಿದ ಇವರು ಪ್ಯಾರಿಸಿಗೆ ಹೋಗಿ, 2001ರಲ್ಲಿ ಅಲ್ಲಿಯೇ ಅಂಗಡಿ ತೆರೆದು, ಫ್ರೆಂಚರಿಗೆ ಮಾಚಾ (ಜಪಾನಿನ ಹಸಿರು ಚಹಾದ ನುಣ್ಣನೆಯ ಪುಡಿ) ಮತ್ತು ಕರಿ ಎಳ್ಳಿನ ಎಕ್ಲೇರುಗಳನ್ನು, ಅಂದರೆ ಕ್ರೀಮು ತುಂಬಿದ ಉದ್ದನೆಯ ಪೇಸ್ಟ್ರಿಗಳನ್ನು, ತಿನ್ನಿಸಿದರು. ಅವರ ‘ಬ್ಯಾಂಬೂ’ ಎಂಬ ಕೇಕನ್ನು ನಾನು ತಿಂದದ್ದು ಟೋಕಿಯೊದ ಮರುನೊಉಚಿಯಲ್ಲಿರುವ ಅವರ ಮಳಿಗೆಯಲ್ಲಿ. ತೆಳುವಾದ ಆಯತಾಕಾರದ ತುಂಡು. ಮೇಲೆ ಹಸಿರು ಹೊದಿಕೆ, ಬದಿಯಲ್ಲಿ ಹಸಿರು ಮತ್ತು ಕಪ್ಪು ಗೆರೆಗಳು ಒಂದರ ಮೇಲೊಂದು, ರೂಲರ್ ಹಿಡಿದು ಎಳೆದಷ್ಟು ನೇರ. ಫೋರ್ಕು ಒತ್ತಿದಾಗ ಎಲ್ಲ ಪದರಗಳೂ ಒಂದೇ ಪ್ರತಿರೋಧ ತೋರಿ ಒಟ್ಟಿಗೆ ಕತ್ತರಿಸಿಕೊಂಡವು. ಬಾಯಿಗಿಟ್ಟರೆ ಮೊದಲು ಬಂದದ್ದು ಸಿಹಿಯಲ್ಲ, ಮಾಚಾದ ಹಸಿರು ಕಹಿ. ಅದರ ಹಿಂದೆ ಬೆಣ್ಣೆ, ಆಮೇಲೆ ಚಾಕೊಲೇಟಿನ ಬೇರೆಯದೇ ಆದ ಕಹಿ. ಸಕ್ಕರೆ ಈ ಎರಡು ಕಹಿಗಳ ನಡುವೆ ಜಗಳವಾಗದಂತೆ ನೋಡಿಕೊಳ್ಳುವಷ್ಟೇ ಇತ್ತು.

ಈ ಕೇಕಿನ ಮೂಲ ಫ್ರಾನ್ಸಿನ ‘ಒಪೆರಾ’ ಎಂಬ ಕೇಕು. 1955ರಲ್ಲಿ ಪ್ಯಾರಿಸಿನ ದಲ್ಲೊಯೊ ಸಂಸ್ಥೆಯ ಸಿರಿಯಾಕ್ ಗವಿಯೋನ್ ಅದನ್ನು ರೂಪಿಸಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಬಾದಾಮಿ ಪುಡಿಯ ತೆಳು ಸ್ಪಂಜಿಗೆ ಕಾಫಿಯ ಪಾಕ ಕುಡಿಸಿ, ಕಾಫಿಯ ಬಟರ್‌ಕ್ರೀಮು ಮತ್ತು ಚಾಕೊಲೇಟ್ ಗನಾಶನ್ನು (ಕೆನೆಯಲ್ಲಿ ಕರಗಿಸಿದ ಚಾಕೊಲೇಟು) ಸರದಿಯಂತೆ ಹರಡುವುದು ಅದರ ಕ್ರಮ; ಆವೊಕಿ ಕಾಫಿಯ ಜಾಗದಲ್ಲಿ ಮಾಚಾ ಇಟ್ಟರು. ಮಾಚಾಕ್ಕಾಗಿ ಬೆಳೆಸುವ ಚಹಾ ಗಿಡಗಳಿಗೆ ಕೊಯ್ಲಿಗೆ ಕೆಲವು ವಾರ ಮೊದಲೇ ನೆರಳು ಕಟ್ಟುತ್ತಾರೆ, ಅದರಿಂದ ಎಲೆಯ ಒಗರು ತಗ್ಗುತ್ತದೆ. ನಮ್ಮ ತೋಟಗಳ ಅರೇಬಿಕಾ ಕೂಡ ಹಲಸು, ಅತ್ತಿ, ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ನಿಧಾನವಾಗಿ ಹಣ್ಣಾಗುವಂಥದ್ದು. ಬಾಬಾಬುಡನ್‌ಗಿರಿಯ ತಪ್ಪಲಿನಲ್ಲಿ ಹುಟ್ಟಿದವನಿಗೆ ಆ ಕಾಫಿಯನ್ನು ಒಪೆರಾಕ್ಕೆ ಹಾಕಬೇಕೆನ್ನಿಸದಿದ್ದರೆ ಹೇಗೆ?

ಚಿಕ್ಕಮಗಳೂರಿನ ಮನೆಯಲ್ಲಿ ಈಗ ಅದನ್ನು ಮಾಡುವವರು ನಮ್ಮ ಅತ್ತಿಗೆ. ಚಿಕೋರಿ ಬೆರೆಸದ ಪುಡಿಯನ್ನು ಫಿಲ್ಟರಿಗೆ ಹಾಕಿ ಇಳಿಸಿದ ಮೊದಲ ಡಿಕಾಕ್ಷನ್ನೇ ಆಗಬೇಕು. ಚಿಕೋರಿ ಇದ್ದರೆ ಪಾಕ ಮಂದವಾಗಿ ಅರೇಬಿಕಾದ ಸಣ್ಣ ಹುಳಿ ಮರೆಯಾಗುತ್ತದೆ. “ಇಷ್ಟು ಗಟ್ಟಿ ಇದ್ರೆ ಮಕ್ಕಳು ತಿಂತಾರೇನೋ?” ಎಂದು ಅವರು ಕೇಳಿದ್ದರು. “ತಿಂತಾರೆ ಅತ್ತಿಗೆ, ಸಕ್ಕರೆ ಮಾತ್ರ ಹೆಚ್ಚು ಮಾಡಬೇಡಿ” ಎಂದೆ. ಮಕ್ಕಳು ತಿಂದರು, ದೊಡ್ಡವರಲ್ಲಿ ಒಬ್ಬಿಬ್ಬರು ಸಿಹಿ ಸಾಲದೆಂದರು. ಫ್ರಿಜ್ಜಿನಿಂದ ತೆಗೆದ ಕೂಡಲೇ ತಿಂದರೆ ಬಟರ್‌ಕ್ರೀಮು ಗಟ್ಟಿಯಾಗಿದ್ದು ಕಾಫಿಯ ಪರಿಮಳ ಏಳುವುದಿಲ್ಲವಾದ್ದರಿಂದ, ಊಟಕ್ಕೆ ಕುಳಿತಾಗಲೇ ಅದನ್ನು ಹೊರಗಿಡುವುದು ಈಗ ಮನೆಯ ವಾಡಿಕೆಯಾಗಿದೆ.

ಹಿಟ್ಟಿನ ಬಟ್ಟಲಿನಲ್ಲಿ ಹೂರಣ ತುಂಬುವ ಟಾರ್ಟನ್ನು ಜಪಾನಿನಲ್ಲಿ ನಿಂಬೆಯ ಜಾತಿಯ ಯುಜು ಹಣ್ಣಿನಿಂದಲೂ ಮಾಡುತ್ತಾರೆ; ಯುಜುವಿಗೆ ಬದಲಾಗಿ ನಾವು ಹಿಡಿದದ್ದು ಹೇರಳೆಕಾಯಿ. ಉಪ್ಪಿನಕಾಯಿಗೂ ಗೊಜ್ಜಿಗೂ ಮಲೆನಾಡಿನವರು ಬಳಸುವ ಈ ಹಣ್ಣಿನ ಸಿಪ್ಪೆಯ ಘಮ ಯುಜುವಿನದಕ್ಕಿಂತ ಒರಟು, ಆದರೆ ಬೆಣ್ಣೆಯ ಜೊತೆ ಸೊಗಸಾಗಿ ಹೊಂದುತ್ತದೆ. ಸಿಪ್ಪೆಯ ಹೊರಪದರವನ್ನಷ್ಟೇ ತುರಿದು, ರಸ, ಮೊಟ್ಟೆ ಮತ್ತು ಸಕ್ಕರೆಯೊಂದಿಗೆ ಸಣ್ಣ ಉರಿಯಲ್ಲಿ ಕೈಯಾಡಿಸಿ, ಬಿಸಿ ತಗ್ಗಿದ ಮೇಲೆ ಬೆಣ್ಣೆ ಸೇರಿಸಿದರೆ ಹೂರಣ ನುಣುಪಾಗುತ್ತದೆ. ಈ ವರ್ಷ ಟಾರ್ಟಿನ ಹಿಟ್ಟಿಗೆ ಬಾದಾಮಿಯ ಬದಲು ಗೋಡಂಬಿ ಪುಡಿ ಹಾಕೋಣವೆಂದು ಅತ್ತಿಗೆ ಹೇಳುತ್ತಿದ್ದಾರೆ. ಗೋಡಂಬಿಯ ಸಿಹಿ ಹೇರಳೆಯ ಮೊನಚನ್ನು ಮೊಂಡು ಮಾಡೀತೆಂಬ ಅನುಮಾನ ನನ್ನದು. ಎರಡು ಬಗೆಯಲ್ಲೂ ಮಾಡಿ ಒಂದೇ ತಟ್ಟೆಯಲ್ಲಿಟ್ಟು ತಿಂದು ತೀರ್ಮಾನಿಸುವುದೆಂದು ಒಪ್ಪಂದವಾಗಿದೆ.